ಊರಿಗೊಂದು ರೂಪಕ ಬೇಕೆ? ಕಾಫಿ ತೋಟದ ನೆರಳನ್ನು ಮೊದಲು ನೋಡಿ

ಪ್ರಶ್ನೆ: ಚಿಕ್ಕಮಗಳೂರಿಗೆ ಹೊಸದೊಂದು ಘೋಷವಾಕ್ಯವನ್ನೂ ಲಾಂಛನವನ್ನೂ ಸೂಚಿಸಬೇಕೆಂದು ನಾವು ಕೆಲವು ವರ್ತಕರು, ಅಧ್ಯಾಪಕರು ಮತ್ತು ಬೆಳೆಗಾರರು ಸೇರಿ ಚರ್ಚೆ ನಡೆಸುತ್ತಿದ್ದೇವೆ. ‘ಊರೆಂದರೆ ಒಂದು ಜೀವಿ’ ಎಂಬ ಕಲ್ಪನೆಯಿಂದ ಆರಂಭಿಸೋಣ ಎಂಬುದು ಒಬ್ಬರ ಸಲಹೆ. ಇದೆಲ್ಲ ಜಾಹೀರಾತಿನ ಮಾತು ಎಂಬುದು ಇನ್ನೊಬ್ಬರ ವಾದ. ರೂಪಕದಿಂದಲೂ ಜೀವಶಾಸ್ತ್ರದ ತತ್ವಗಳಿಂದಲೂ ಒಂದು ಊರಿನ ಹೆಸರನ್ನು ನಿಜಕ್ಕೂ ರೂಪಿಸಬಹುದೇ? ರೂಪಿಸಬಹುದಾದರೆ ನಮ್ಮ ಊರಿಗೆ ಹೊಂದುವಂಥದ್ದು ಯಾವುದು? ಲಾಂಛನದಲ್ಲಿ ಕಾಫಿ ಬೀಜವಿರಬೇಕೋ, ಮುಳ್ಳಯ್ಯನಗಿರಿ ಇರಬೇಕೋ?

ಉತ್ತರ: ರೂಪಿಸಬಹುದು. ಆದರೆ ಆರಿಸಿಕೊಂಡ ರೂಪಕವು ಊರಿನವರ ಮೇಲೆ ಏನಾದರೊಂದು ಹೊಣೆಯನ್ನು ಹೊರಿಸುವಂತಿದ್ದರೆ ಮಾತ್ರ ಅದು ಬಾಳುತ್ತದೆ. ಏನನ್ನೂ ಮಾಡಲು ಒತ್ತಾಯಿಸದ, ಏನನ್ನೂ ಮಾಡಬೇಡಿ ಎಂದು ತಡೆಯದ ಘೋಷವಾಕ್ಯ ಬಸ್ ನಿಲ್ದಾಣದ ಫಲಕದ ಮೇಲೆ ಬಣ್ಣ ಮಾಸುವವರೆಗೆ ಇದ್ದು ಹೋಗುತ್ತದೆ. ನಿಮ್ಮ ಗುಂಪಿನ ಇಬ್ಬರೂ ಎತ್ತಿರುವ ಮಾತು ಮುಖ್ಯವಾದದ್ದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲಿಗೆ, ಇದು ಬರಿಯ ಜಾಹೀರಾತಿನ ಮಾತು ಎಂಬ ವಾದವನ್ನು ನೋಡೋಣ. ಸಮಸ್ಯೆಯೊಂದನ್ನು ಯಾವ ರೂಪಕದಲ್ಲಿ ಹೇಳುತ್ತೇವೆ ಎಂಬುದರ ಮೇಲೆ ನಮಗೆ ಹೊಳೆಯುವ ಪರಿಹಾರವೂ ಬದಲಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಿಬೊಡೊ ಮತ್ತು ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಕಾಲ್ಪನಿಕ ನಗರದ ಅಪರಾಧಗಳ ವಿವರವನ್ನು ಎರಡು ಗುಂಪುಗಳಿಗೆ ಓದಲು ಕೊಟ್ಟಿದ್ದರು. ಅಂಕಿಅಂಶಗಳು ಒಂದೇ ಆಗಿದ್ದವು, ಆದರೆ ಒಂದು ಗುಂಪಿಗೆ ಅಪರಾಧವನ್ನು ಊರಿಗೆ ನುಗ್ಗಿದ ಕಾಡುಮೃಗವೆಂದೂ ಇನ್ನೊಂದಕ್ಕೆ ಊರಿಗೆ ಹರಡಿದ ವೈರಸ್ ಎಂದೂ ಬಣ್ಣಿಸಲಾಗಿತ್ತು. ಮೃಗವೆಂದು ಓದಿದವರು ಪೊಲೀಸರನ್ನೂ ಜೈಲನ್ನೂ ಹೆಚ್ಚಿಸಬೇಕೆಂಬ ಕಡೆಗೆ ಹೆಚ್ಚು ವಾಲಿದರೆ, ವೈರಸ್ ಎಂದು ಓದಿದವರಲ್ಲಿ ಬಡತನ, ಶಿಕ್ಷಣದಂಥ ಮೂಲ ಕಾರಣಗಳನ್ನು ಸರಿಪಡಿಸಬೇಕೆಂದವರು ಹೆಚ್ಚಾಗಿದ್ದರು. ಇಂಥ ಪರಿಣಾಮ ಎಷ್ಟು ಬಲವಾದದ್ದು ಎಂಬ ಬಗ್ಗೆ ಅನಂತರ ವಾದಗಳು ನಡೆದಿವೆಯಾದರೂ, ಊರಿನ ಸಭೆಗಳಲ್ಲಿ ಕುಳಿತವರಿಗೆಲ್ಲ ಈ ಅನುಭವ ಪರಿಚಿತ. ವಾರಾಂತ್ಯದಲ್ಲಿ ಕೈಮರದ ಕಡೆಯಿಂದ ಗಿರಿಗೆ ಹತ್ತುವ ವಾಹನಗಳನ್ನು ‘ಪ್ರವಾಹ’ ಎಂದು ಕರೆದರೆ ಚರ್ಚೆಯೆಲ್ಲ ಗೇಟು, ತಡೆ, ರಸ್ತೆ ಅಗಲೀಕರಣಗಳ ಸುತ್ತಲೇ ಸುತ್ತುತ್ತದೆ. ‘ನೆಂಟರು’ ಎಂದು ಕರೆದರೆ ಎಷ್ಟು ಜನರಿಗೆ ಊಟ ಹಾಕಬಲ್ಲೆವು, ಅವರು ಎಲ್ಲಿ ಕೈ ತೊಳೆಯುತ್ತಾರೆ ಎಂಬ ಪ್ರಶ್ನೆಗಳು ತಾವಾಗಿ ಬರುತ್ತವೆ.

ಇನ್ನು ‘ಊರೆಂದರೆ ಜೀವಿ’ ಎಂಬ ಕಲ್ಪನೆ. ಮುಖ್ಯ ರಸ್ತೆಗಳನ್ನು ರಕ್ತನಾಳಗಳೆಂದೂ ಉದ್ಯಾನಗಳನ್ನು ಶ್ವಾಸಕೋಶವೆಂದೂ ಕರೆಯುವುದು ಹಳೆಯ ರೂಢಿ. ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಪರಿಚಲನೆಯನ್ನು ವಿವರಿಸಿದ ಮೇಲೆ ಯುರೋಪಿನ ನಗರ ಯೋಜಕರ ಮಾತಿನಲ್ಲಿ ಇದು ಬೇರೂರಿತು. ಈ ರೂಪಕದ ಬಗ್ಗೆ ನನಗೆ ಹಿಂಜರಿಕೆಯಿದೆ. ಜೀವಿಗೆ ಒಂದೇ ತಲೆ. ಉಳಿದ ಅಂಗಗಳೆಲ್ಲ ಅದರ ಸೇವೆಗೆ. ಊರನ್ನು ದೇಹವೆಂದ ಕೂಡಲೇ ಅದರ ಯಾವುದೋ ಭಾಗವನ್ನು ಹುಣ್ಣೆಂದೂ ಕ್ಯಾನ್ಸರ್ ಎಂದೂ ಕರೆಯುವ ದಾರಿ ತೆರೆದುಕೊಳ್ಳುತ್ತದೆ, ಹಾಗೆ ಕರೆಸಿಕೊಳ್ಳುವುದು ಯಾವಾಗಲೂ ಬಡವರ ಕೇರಿಯೇ. ಕಳೆದ ಶತಮಾನದಲ್ಲಿ ಅನೇಕ ದೇಶಗಳಲ್ಲಿ ಕೊಳೆಗೇರಿಗಳನ್ನು ನೆಲಸಮ ಮಾಡಿ ಅಲ್ಲಿನ ಜನರನ್ನು ಊರಾಚೆಗೆ ತಳ್ಳಿದಾಗ ಬಳಕೆಯಾದದ್ದು ಇದೇ ವೈದ್ಯಕೀಯ ಭಾಷೆ.

ಇದಕ್ಕೆ ಒಳಗಿನಿಂದಲೇ ಉತ್ತರ ಕೊಟ್ಟವರು ಪ್ಯಾಟ್ರಿಕ್ ಗೆಡ್ಡಿಸ್. ಸ್ಕಾಟ್ಲೆಂಡಿನ ಈ ಜೀವಶಾಸ್ತ್ರಜ್ಞರು ಡಂಡಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, 1914ರಲ್ಲಿ ಭಾರತಕ್ಕೆ ಬಂದು ಮುಂದಿನ ವರ್ಷಗಳಲ್ಲಿ ಇಲ್ಲಿನ ಹತ್ತಾರು ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ಇಕ್ಕಟ್ಟಾದ ಕೇರಿಯನ್ನು ಕೆಡವಿ ಅಗಲವಾದ ರಸ್ತೆ ಮಾಡುವ ಅಧಿಕಾರಿಗಳ ಆತುರವನ್ನು ವಿರೋಧಿಸಿದ ಅವರು, ಮೊದಲು ರೋಗನಿದಾನ, ಅನಂತರ ಅತ್ಯಂತ ಕಡಿಮೆ ಕೊಯ್ತದ ಚಿಕಿತ್ಸೆ ಎಂಬ ತತ್ವವನ್ನು ಹಿಡಿದರು: ಬಿದ್ದುಹೋಗಿರುವ ಒಂದೆರಡು ಮನೆಗಳ ಜಾಗವನ್ನು ತೆರವು ಮಾಡಿ, ಅಲ್ಲೊಂದು ಮರ, ಒಂದು ಕಟ್ಟೆ, ಉಳಿದದ್ದೆಲ್ಲ ಇದ್ದಂತೆಯೇ.

ಗೆಡ್ಡಿಸ್ ಇಂದೂರಿನಲ್ಲಿ ಮಾಡಿದ ಕೆಲಸವನ್ನು ನಿಮ್ಮ ಗುಂಪು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ರೂಪಕವೂ ಜೀವಶಾಸ್ತ್ರವೂ ಊರಿನ ಚಿತ್ರವೂ ಒಂದೇ ಕಡೆ ಕೂಡಿದ ಇಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ದೇಶದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಪ್ಲೇಗಿನಿಂದ ಜರ್ಜರಿತವಾಗಿದ್ದ ಆ ಊರಿನ ದೀಪಾವಳಿಯ ಮೆರವಣಿಗೆಯ ಏರ್ಪಾಡನ್ನು ಅವರು ಸಂಸ್ಥಾನದವರಿಂದ ಕೇಳಿ ಪಡೆದರು. ಮೆರವಣಿಗೆ ಎಂದಿನ ಬೀದಿಗಳಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ತಮ್ಮ ಮನೆ ಮತ್ತು ಅಂಗಳವನ್ನು ಅತ್ಯಂತ ಚೊಕ್ಕಟವಾಗಿ ಇಡುತ್ತಾರೋ ಆ ಬೀದಿಗಳಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಊರಿಗೆ ಊರೇ ಗುಡಿಸಿ, ತೊಳೆದು, ಸುಣ್ಣ ಬಳಿಯಲು ನಿಂತಿತು. ಮೆರವಣಿಗೆಯಲ್ಲಿ ಪ್ಲೇಗು ಹರಡುವ ಇಲಿಯ ದೊಡ್ಡ ಪ್ರತಿಕೃತಿಯಿತ್ತು. ಇಂದೂರು ಎಂಬ ನಗರವೇ ದೇವಿಯಾಗಿ ಮೆರೆದಳು. ಪೌರಕಾರ್ಮಿಕರು ಹಾರ ಹಾಕಿಸಿಕೊಂಡು ಗೌರವದಿಂದ ನಡೆದರು. ಜನರಿಗೆ ತುಳಸಿ ಸಸಿಗಳನ್ನು ಹಂಚಲಾಯಿತು. ರೋಗ ಹೇಗೆ ಹರಡುತ್ತದೆ ಎಂಬ ವಿಜ್ಞಾನವನ್ನು ಅವರು ಕರಪತ್ರದಲ್ಲಿ ಬರೆದು ಹಂಚಲಿಲ್ಲ. ಜನರಿಗೆ ಮೊದಲೇ ಗೊತ್ತಿದ್ದ ಹಬ್ಬದ ಭಾಷೆಯಲ್ಲಿ ಹೇಳಿದರು, ಮತ್ತು ಆ ಹೇಳಿಕೆಯ ಜೊತೆಗೇ ಪ್ರತಿ ಬೀದಿಯ ಕೈಗೊಂದು ಕೆಲಸ ಕೊಟ್ಟರು. ಊರಿನ ಹೊಸ ಚಿತ್ರ ಮತ್ತು ಊರಿನ ಹೊಸ ನಡವಳಿಕೆ ಒಂದೇ ದಿನ ಹುಟ್ಟಿದವು.

ಇಂದಿನ ಪರಿಸರಶಾಸ್ತ್ರಜ್ಞರು ಊರನ್ನು ಒಂಟಿ ಜೀವಿಯೆನ್ನುವುದಕ್ಕಿಂತ ಹಲವು ಜೀವಗಳು ಹಂಚಿಕೊಂಡು ಬದುಕುವ ಪರಿಸರ ವ್ಯವಸ್ಥೆಯೆಂದು ನೋಡಲು ಇಷ್ಟಪಡುತ್ತಾರೆ. ಅದು ನಿಮ್ಮ ಕೆಲಸಕ್ಕೂ ಅನುಕೂಲ, ಏಕೆಂದರೆ ಅಂಥ ವ್ಯವಸ್ಥೆಯ ಅತ್ಯುತ್ತಮ ನಮೂನೆಯೊಂದು ನಿಮ್ಮ ಊರಿನ ಅಂಚಿನಲ್ಲೇ ಆರಂಭವಾಗುತ್ತದೆ.

ನಾನು ಸೂಚಿಸುವುದು ಕಾಫಿ ತೋಟವನ್ನು, ಅದರಲ್ಲೂ ತೋಟದ ನೆರಳನ್ನು. ಅರೇಬಿಕಾ ಕಾಫಿ ಮೂಲತಃ ಇಥಿಯೋಪಿಯಾದ ಎತ್ತರದ ಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರೆಂಬ ನಂಬಿಕೆ ನಿಮಗೆಲ್ಲ ಗೊತ್ತಿದೆ. ಅದು ಇಲ್ಲಿ ನೆಲೆ ನಿಂತದ್ದು ಮಲೆನಾಡಿನ ಮರಗಳು ಅದಕ್ಕೆ ನೆರಳು ಕೊಟ್ಟದ್ದರಿಂದ. ಬಯಲಿನಿಂದ ಬಂದವರಿಗೆ ತೋಟ ಒಂದೇ ಹಸಿರು ರಾಶಿಯಾಗಿ ಕಾಣುತ್ತದೆ. ಒಳಗೆ ಹೋಗಿ ನಿಂತರೆ ಅಂತಸ್ತುಗಳು ಬಿಡಿಬಿಡಿಯಾಗಿ ತೋರುತ್ತವೆ. ಎಲ್ಲಕ್ಕೂ ಮೇಲೆ ಅತ್ತಿ, ಬಸರಿ, ಹಲಸು, ನಂದಿ, ಬೀಟೆಗಳು. ಅವುಗಳ ಕೆಳಗೆ ಹಾಲುವಾಣ. ಕಾಂಡಗಳನ್ನು ತಬ್ಬಿಕೊಂಡ ಮೆಣಸಿನ ಬಳ್ಳಿ. ಅದರ ಕೆಳಗೆ ಕಾಫಿ. ನೆಲದ ಮೇಲೆ ಕೊಳೆಯುತ್ತಿರುವ ತರಗೆಲೆ. ಈ ನೆರಳು ತಾನಾಗಿ ಆದದ್ದಲ್ಲ. ಮಳೆಗಾಲ ಹತ್ತಿರವಾದಾಗ ಮರಗಸಿ ಮಾಡುವವರು ಮರವೇರಿ ಹಾಲುವಾಣದ ಕೊಂಬೆಗಳನ್ನು ಸವರಿ ಕೆಳಗಿನ ಗಿಡಕ್ಕೆ ಬೆಳಕು ಬಿಡುತ್ತಾರೆ; ಬೇಸಿಗೆಯ ಹೊತ್ತಿಗೆ ಅದೇ ಮರ ಮತ್ತೆ ಚಿಗುರಿ ಕೊಡೆ ಹಿಡಿಯುತ್ತದೆ. ಎಷ್ಟು ನೆರಳು, ಎಲ್ಲಿ, ಯಾವಾಗ ಎಂಬ ಲೆಕ್ಕ ವರ್ಷ ವರ್ಷವೂ ಹೊಸದಾಗಿ ಆಗಬೇಕು.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬಿಳಿ ಕಾಂಡಕೊರಕವೇ ಸಾಕ್ಷಿ. ಈ ದುಂಬಿ ಬಿಸಿಲು ಬೀಳುವ ಅರೇಬಿಕಾ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ, ಮರಿ ಒಳಗೆ ಕೊರೆಯುತ್ತಾ ಹೋಗುತ್ತದೆ. ಹೊರಗಿನಿಂದ ಕಾಣುವುದು ಕಾಂಡದ ಮೇಲೆ ಉಬ್ಬಿದ ಏಣು ಮತ್ತು ಹಳದಿಗೆ ತಿರುಗಿದ ಎಲೆ ಮಾತ್ರ. ಅಷ್ಟು ಹೊತ್ತಿಗೆ ಗಿಡವನ್ನು ಕಿತ್ತು ಸುಡುವುದೇ ಉಳಿದ ಉಪಾಯ. ಹೆಚ್ಚು ಇಳುವರಿಯ ಆಸೆಗೆ ನೆರಳನ್ನು ತೀರಾ ತೆಳುವು ಮಾಡಿದ ತೋಟಗಳಲ್ಲಿ ಇದರ ಕಾಟ ಹೆಚ್ಚು. ಅಲ್ಪಾವಧಿಯ ಲಾಭಕ್ಕಾಗಿ ತನ್ನನ್ನು ಕಾಯುವ ಪದರವನ್ನೇ ಕಡಿದುಕೊಳ್ಳುವ ಈ ಕ್ರಮ ಊರುಗಳಲ್ಲಿಯೂ ನಡೆಯುತ್ತದೆ, ಹೊರಗೆ ಏಣು ಕಾಣುವಾಗ ತಡವಾಗಿರುತ್ತದೆ.

ಒಂದೇ ತಳಿ, ಒಂದೇ ಬೆಳೆ ಎಂಬ ಅಪಾಯವನ್ನೂ ಕಾಫಿಯ ಚರಿತ್ರೆಯೇ ಹೇಳುತ್ತದೆ. ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗವು ದ್ವೀಪದ ತುಂಬ ಒಂದೇ ಸಮನೆ ಹಬ್ಬಿದ್ದ ಕಾಫಿಯನ್ನು ಮುಗಿಸಿ, ಅಲ್ಲಿನ ಬೆಳೆಗಾರರನ್ನು ಚಹಾಕ್ಕೆ ತಿರುಗಿಸಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ನಡೆಸಿಕೊಂಡು ಬಂದಿರುವ ತಳಿ ಅಭಿವೃದ್ಧಿಯ ಬಹುಭಾಗ ಈ ತುಕ್ಕಿನೊಂದಿಗಿನ ಹೋರಾಟವೇ. ಹೀಗಾಗಿ ‘ಕಾಫಿ ನಾಡು’ ಎಂಬ ಹೆಸರು ಎಷ್ಟೇ ಪ್ರಿಯವಾದರೂ, ಬೆಲೆ ಕುಸಿದ ವರ್ಷ, ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಅದೊಂದೇ ಊರಿನ ಭಾರವನ್ನೆಲ್ಲ ಹೊರಲಾರದು. ಕೋದಂಡರಾಮನಿಗೆ ಕನ್ನಡದಲ್ಲಿ ಪೂಜೆ ನಡೆಯುವ ಹಿರೇಮಗಳೂರು, ಕಾಫಿಯನ್ನು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜ ಆರಿಸುವ ಹೆಂಗಸರು, ಅಂಚಿನಲ್ಲಿರುವ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕಡೂರಿನ ಕಡೆಯ ಬಯಲುಸೀಮೆಯಿಂದ ಬರುವ ತೆಂಗು, ಈರುಳ್ಳಿ: ಇವೆಲ್ಲ ಸೇರಿದ ಊರನ್ನು ಹಿಡಿಯಲು ಬೀಜಕ್ಕಿಂತ ತೋಟ ದೊಡ್ಡದು.

ತೋಟದ ರೂಪಕಕ್ಕೂ ಮಿತಿಯಿದೆ, ಅದನ್ನು ಮರೆಮಾಚಬಾರದು. ತೋಟಕ್ಕೆ ಮಾಲೀಕನಿದ್ದಾನೆ, ಊರಿಗೆ ಇಲ್ಲ. ತೋಟದ ಚೆಲುವಿನ ಚಿತ್ರದಲ್ಲಿ ಕೂಲಿಗಳು ವಾಸಿಸುವ ಲೈನ್ ಮನೆಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆದ್ದರಿಂದಲೇ ತೋಟದ ಒಡೆತನದ ಚಿತ್ರವನ್ನು ಬಿಟ್ಟು ಅದರ ನೆರಳಿನ ವ್ಯವಸ್ಥೆಯನ್ನು ಮಾತ್ರ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ. ‘ನೆರಳಿನ ಊರು’ ಎಂದು ನೀವು ಹೇಳಿಕೊಂಡರೆ ಮರುದಿನದಿಂದಲೇ ಜನ ಲೆಕ್ಕ ಕೇಳುತ್ತಾರೆ. ಐ.ಜಿ. ರಸ್ತೆಯಲ್ಲಿ ಏಪ್ರಿಲ್ ಮಧ್ಯಾಹ್ನ ನಡೆದು ಹೋಗುವವರಿಗೆ ನೆರಳಿದೆಯೇ? ಹನುಮಂತಪ್ಪ ವೃತ್ತದಲ್ಲಿ ಆಟೋ ಕಾಯುವ ಮುದುಕರಿಗೆ? ಸಂತೆಗೆ ಸೊಪ್ಪು ತಂದವರಿಗೆ, ಗಾಡಿಯ ಮೇಲೆ ಹಣ್ಣು ಮಾರುವವರಿಗೆ? ರಸ್ತೆ ಅಗಲಿಸಲು ಸಾಲುಮರ ಕಡಿಯುವ ಪ್ರಸ್ತಾವ ಬಂದಾಗ ಈ ಹೆಸರು ಅಡ್ಡ ನಿಲ್ಲುತ್ತದೆಯೇ? ಒಂದು ರೂಪಕ ಇಷ್ಟು ಪ್ರಶ್ನೆಗಳನ್ನು ಎಬ್ಬಿಸಿದರೆ ಅದು ಯೋಗ್ಯವಾದದ್ದು ಎಂದು ನನ್ನ ಅಭಿಪ್ರಾಯ.

ಜೀವಶಾಸ್ತ್ರದಿಂದ ನೀವು ಪಡೆಯಬೇಕಾದ ಎರಡನೆಯ ತತ್ವ ಸಂಕೇತದ ಪ್ರಾಮಾಣಿಕತೆ. ಇಸ್ರೇಲಿನ ಜೀವಶಾಸ್ತ್ರಜ್ಞ ಅಮೋಟ್ಸ್ ಜಹಾವಿ 1975ರಲ್ಲಿ ಮಂಡಿಸಿದ ವಾದದ ಪ್ರಕಾರ, ಪ್ರಾಣಿಗಳ ಸಂಕೇತ ನಂಬಿಕೆಗೆ ಅರ್ಹವಾಗುವುದು ಅದಕ್ಕೆ ಬೆಲೆ ತೆರಬೇಕಾದಾಗ. ಸೊರಗಿದ ನವಿಲು ಭಾರವಾದ ಗರಿಯನ್ನು ಹೊತ್ತು ಮೆರೆಯಲಾರದು. ಇದಕ್ಕೆ ವಿರುದ್ಧವಾಗಿ ಕೆಲವು ಆರ್ಕಿಡ್‌ಗಳು ಮಕರಂದವನ್ನೇ ಇಡದೆ, ಬಣ್ಣ ಮತ್ತು ಆಕಾರದಿಂದಷ್ಟೇ ಕೀಟಗಳನ್ನು ಸೆಳೆಯುತ್ತವೆ. ಆದರೆ ಜೇನುನೊಣ ಕಲಿಯುವ ಜೀವಿ. ಮೋಸ ಹೋದ ಹೂವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಪ್ರಶಾಂತತೆಯ ಭರವಸೆ ಕೊಟ್ಟು ಗಿರಿಯ ತಿರುವಿನಲ್ಲಿ ಗಂಟೆಗಟ್ಟಲೆ ಹಾರ್ನ್ ಕೇಳಿಸುವ ಊರು ಮಕರಂದವಿಲ್ಲದ ಹೂವಿನಂತೆಯೇ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ಏನಾಯಿತೆಂಬುದನ್ನು ನೀವೇ ಕಂಡಿದ್ದೀರಿ: ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡವನ್ನು ನೋಡಲು ಬಂದ ಜನಸಂದಣಿಯೇ ಆ ಹುಲ್ಲುಗಾವಲಿಗೆ ಹೊರೆಯಾಯಿತು. ಬೀಜ ಕಟ್ಟುವ ಮೊದಲೇ ಕಿತ್ತ ಪ್ರತಿಯೊಂದು ಗೊಂಚಲೂ ಮುಂದಿನ ಹೂವಿನಿಂದ ಕಸಿದುಕೊಂಡ ಪಾಲು. ಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿ ಮತ್ತು ಮಿತಿ ಈಗ ಬಂದಿರುವುದು ಸರಿಯಾದ ದಿಕ್ಕು. ಆ ಮಿತಿಯನ್ನು ಅಡಚಣೆಯೆಂದು ಕ್ಷಮೆ ಕೇಳುವ ಧಾಟಿಯಲ್ಲಿ ಹೇಳದೆ, ಊರಿನ ಹೆಮ್ಮೆಯಾಗಿ ನಿಮ್ಮ ಪ್ರಚಾರದ ಮೊದಲ ಸಾಲಿನಲ್ಲಿಯೇ ಹೇಳಿ. ಬೆಲೆ ತೆತ್ತ ಸಂಕೇತವೆಂದರೆ ಅದೇ. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ದೊರೆತ ಭೌಗೋಳಿಕ ಗುರುತು (ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಎನ್ನುವ ಜಿ.ಐ. ಮಾನ್ಯತೆ) ಸಹ ಇದೇ ಜಾತಿಯದು.

ಎರವಲು ಹೆಸರುಗಳ ಬಗ್ಗೆ ಒಂದು ಮಾತು. ನೆರೆಯ ಹಾಸನವನ್ನು ಬಹುಕಾಲದಿಂದ ‘ಬಡವರ ಊಟಿ’ ಎನ್ನುತ್ತಾರೆ. ಪ್ರೀತಿಯಿಂದ ಹೇಳಿದ ಮಾತೇ ಹೌದು, ಆದರೆ ಅದರಲ್ಲಿ ಅಳತೆಗೋಲು ಊಟಿಯದು, ಹಾಸನ ಸದಾ ಕಡಿಮೆಯದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳೂ, 1982ರಿಂದ ಉಪಗ್ರಹಗಳನ್ನು ನಿಯಂತ್ರಿಸುತ್ತಿರುವ ಇಸ್ರೋ ಕೇಂದ್ರವೂ ಇರುವ ಜಿಲ್ಲೆಗೆ ಆ ಹೆಸರಿನ ಅಗತ್ಯವೇ ಇಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ‘ದಕ್ಷಿಣದ ಇಂಥದ್ದು’ ಎಂಬ ಮಾದರಿಯ ಸಲಹೆ ತಂದರೆ ಚರ್ಚೆಯಿಲ್ಲದೆ ಬದಿಗಿಡಿ.

ಘೋಷವಾಕ್ಯ ಬರೆಯುವ ಮೊದಲು ಊರಿನ ಒಳಹರಿವು, ಹೊರಹರಿವುಗಳ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅಮೆರಿಕದ ಎಂಜಿನಿಯರ್ ಏಬಲ್ ವೋಲ್ಮನ್ 1965ರಲ್ಲಿ ‘ನಗರದ ಚಯಾಪಚಯ’ (ದೇಹ ಆಹಾರವನ್ನು ಬಳಸಿ ಕಸವನ್ನು ಹೊರಹಾಕುವಂಥ ಕ್ರಿಯೆ) ಎಂಬ ಕಲ್ಪನೆಯಡಿ ಇದನ್ನು ಮಾಡಿ ತೋರಿಸಿದರು: ಹತ್ತು ಲಕ್ಷ ಜನರ ಕಾಲ್ಪನಿಕ ಅಮೆರಿಕನ್ ನಗರಕ್ಕೆ ದಿನಕ್ಕೆ 6,25,000 ಟನ್ ನೀರು ಒಳಬಂದರೆ 5,00,000 ಟನ್ ಕೊಳಚೆ ಹೊರಹೋಗುತ್ತದೆ ಎಂಬುದು ಅವರ ಲೆಕ್ಕ. ನಿಮ್ಮ ಊರಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಯಗಚಿ ಹೊಳೆಯಿಂದ. ನಿಮ್ಮದೇ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಬೇಲೂರಿನ ಜಲಾಶಯಕ್ಕೆ ಇಳಿದ ಯಗಚಿಯ ನೀರನ್ನು ಮತ್ತೆ ಮೇಲಕ್ಕೆತ್ತಿ ತರಲಾಗುತ್ತದೆ. ಬೆಟ್ಟದ ಕಣಿವೆಗಳಲ್ಲಿನ ಶೋಲಾ ಕಾಡು, ಹುಲ್ಲುಗಾವಲುಗಳು ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲಿ ಹಳ್ಳಗಳು ಹರಿಯುತ್ತವೆ. ಗಿರಿಯ ಹುಲ್ಲು ಮತ್ತು ಮನೆಯ ನಲ್ಲಿಯ ನಡುವಿನ ಈ ಸಂಬಂಧವನ್ನು ಒಂದು ನಕ್ಷೆಯಾಗಿ ಬರೆದು ಬಸ್ ನಿಲ್ದಾಣದಲ್ಲಿ ಹಾಕಿದರೆ, ಊರಿನವರಿಗೂ ಪ್ರವಾಸಿಗರಿಗೂ ಅದು ಯಾವ ಘೋಷವಾಕ್ಯಕ್ಕಿಂತಲೂ ಹೆಚ್ಚು ಹೇಳುತ್ತದೆ. ಹಾಗೆಯೇ ಕೊಳಚೆ ಎಲ್ಲಿಗೆ ಹೋಗುತ್ತದೆ, ಬಸವನಹಳ್ಳಿ ಕೆರೆಗೆ ಏನು ಸೇರುತ್ತದೆ ಎಂಬುದೂ ಅದೇ ನಕ್ಷೆಯಲ್ಲಿ ಇರಬೇಕು.

ನೆರಳಿನ ರೂಪಕವನ್ನು ಬೀದಿಗೆ ಇಳಿಸುವುದಕ್ಕೆ ಬೆಂಗಳೂರಿನ ಹಳೆಯ ಪಾಠವೊಂದಿದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್, ಒಂದು ಜಾತಿಯ ಸಾಲುಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸುವ ಕ್ರಮವನ್ನು ತಂದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ದೊಡ್ಡ ಪ್ರಮಾಣದಲ್ಲಿ ಬೀದಿ ಮರಗಳನ್ನು ನೆಡಿಸಿ ಆ ಪರಂಪರೆಗೆ ಮರುಜೀವ ಕೊಟ್ಟರು. ‘ಉದ್ಯಾನ ನಗರಿ’ ಎಂಬ ಹೆಸರು ನಿಂತದ್ದು ಸಸಿಯ ಗುಂಡಿ, ನೀರು, ಬೇಲಿಗಳ ಈ ಕೆಲಸದ ಮೇಲೆ. ಮರಗಳು ಉರುಳಿದ ರಸ್ತೆಗಳಲ್ಲಿ ಇಂದು ಆ ಹೆಸರು ಯಾರಿಗೂ ನೆನಪಾಗುವುದಿಲ್ಲ. ನಿಮ್ಮಲ್ಲಿ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆಂದು ಎಲ್ಲೆಡೆ ಅದನ್ನೇ ನೆಡುವ ಆಸೆ ಬರಬಹುದು. ಅದು ಆಸ್ಟ್ರೇಲಿಯಾದ ಮರ, ಮೆಣಸಿನ ಬಳ್ಳಿಗೆ ಒಳ್ಳೆಯದು, ಆದರೆ ಹಕ್ಕಿಗೆ ಹಣ್ಣಿಲ್ಲ, ದಾರಿಹೋಕರಿಗೆ ಹರಡಿದ ನೆರಳಿಲ್ಲ. ಹೊಂಗೆ, ನೇರಳೆ, ಅತ್ತಿ, ಹಲಸು, ಹೊಳೆದಾಸವಾಳದಂಥ ಮಿಶ್ರಣವನ್ನು ಬೀದಿಯ ಅಗಲಕ್ಕೆ ತಕ್ಕಂತೆ ಆರಿಸಲು ಬೆಳೆಗಾರರೇ ನಿಮಗೆ ನೆರವಾಗಬಲ್ಲರು. ಯಾವ ಮರದ ಕೆಳಗೆ ಏನು ಬದುಕುತ್ತದೆ ಎಂಬುದು ಅವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿಲ್ಲ.

ಲಾಂಛನದ ಪ್ರಶ್ನೆಗೆ ನೇರ ಉತ್ತರ: ಬೀಜವೂ ಬೇಡ, ಬೆಟ್ಟದ ತುದಿಯೂ ಬೇಡ. ಬೀಜವನ್ನು ಕೊಡಗೂ ಸಕಲೇಶಪುರವೂ ಅಷ್ಟೇ ಹಕ್ಕಿನಿಂದ ಬಳಸಬಹುದು. ಬೆಟ್ಟದ ತುದಿಯನ್ನು ಚಿತ್ರಿಸಿದರೆ ಬಂದವರನ್ನೆಲ್ಲ ನೀವೇ ಅದೇ ಒಂದು ತುದಿಗೆ ಕಳುಹಿಸಿದಂತಾಗುತ್ತದೆ, ಅಲ್ಲಿ ಈಗಾಗಲೇ ಜಾಗವಿಲ್ಲ. ತೋಟದ ಅಡ್ಡಸೀಳನ್ನು ಬರೆಸಿ: ಮೇಲೆ ಹರಡಿದ ಮರ, ನಡುವೆ ಬಳ್ಳಿ, ಕೆಳಗೆ ಗಿಡ, ಗಿಡದ ಪಕ್ಕದಲ್ಲಿ ನಿಂತ ಮನುಷ್ಯ. ಬರೆಯುವ ಕೆಲಸವನ್ನು ಹೊರಗಿನ ಸಂಸ್ಥೆಗೆ ಕೊಡುವ ಮೊದಲು ಊರಿನ ಶಾಲೆಗಳ ಮಕ್ಕಳಿಗೂ ಚಿತ್ರಕಲಾ ಶಿಕ್ಷಕರಿಗೂ ಒಂದು ಅವಕಾಶವಿರಲಿ. ಬಿಡುಗಡೆಯ ದಿನವನ್ನು ಪ್ರವಾಸಿಗರ ದಟ್ಟಣೆಯ ಅಕ್ಟೋಬರ್ ರಜೆಯಲ್ಲಿ ಇಡದೆ ಜೂನ್ ಮೊದಲ ವಾರದಲ್ಲಿ ಇಟ್ಟುಕೊಳ್ಳಿ. ಮಳೆ ಹಿಡಿಯುವ ಆ ಹೊತ್ತಿಗೆ ಐ.ಜಿ. ರಸ್ತೆಯಲ್ಲಿ, ಎಂ.ಜಿ. ರಸ್ತೆಯಲ್ಲಿ ಗುಂಡಿಗಳು ಸಿದ್ಧವಾಗಿರಬೇಕು. ಯಾವ ಅಂಗಡಿಯ ಮುಂದಿನ ಸಸಿಗೆ ಮೊದಲ ಮೂರು ಬೇಸಿಗೆ ಯಾರು ನೀರು ಹಾಕುತ್ತಾರೆ ಎಂಬ ಪಟ್ಟಿಯನ್ನು ಲಾಂಛನದ ಜೊತೆಗೇ ಪ್ರಕಟಿಸಿ.